ಚಾಚಾನ ಪಾಲಿನ ನಷ್ಟ

ಹೇಳಿದರೆ ಲೋಹಿತನ ಮಾನ ಹೋಗುತ್ತದೆ. ಹೇಳದಿದ್ದರೆ ಇಜಾಜ್ ಭಾಯಿಯ ಉಮ್ರಾ ದುಡ್ಡು ಹೋಗುತ್ತದೆ. ಹಾಗಾದರೆ ಹೇಳಲೇಬೇಕು. ಆದರೆ ಹೇಳುವುದಕ್ಕೆ ತಾನು ಯಾರು? ಕರಾರು ಬರೆದುಕೊಟ್ಟವನು. ಬರೆದವನ ಕೆಲಸ ಬರೆದಲ್ಲಿಗೆ ಮುಗಿಯಿತಲ್ಲವೇ? ಮುಗಿಯಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಊಟಕ್ಕೆ ಮೊದಲು ಹೇಳುವುದೋ, ಊಟವಾದ ಮೇಲೋ?

ಡಬ್ಲಿನ್ನಿನ ರೆಡ್ ಕೌ ಸ್ಟಾಪಿನಲ್ಲಿ ನೇಸ್ ಊರಿನ ಬಸ್ಸು ಹತ್ತಿದಾಗಿನಿಂದ ಜಿಬ್ರಾನ್ ಇದನ್ನೇ ತಿರುವಿ ಹಾಕುತ್ತಿದ್ದ. ಮಾಸ್ಕಿನೊಳಗಿನ ಉಸಿರು ಕನ್ನಡಕದ ಮೇಲೆ ಕೂತು ಹೊರಗಿನ ಹೆದ್ದಾರಿ ಮಂಜಾಗಿ, ಒರೆಸಿದರೆ ಸ್ಪಷ್ಟವಾಗಿ, ಮತ್ತೆ ಮಂಜಾಗುತ್ತಿತ್ತು. ಅವನ ತೀರ್ಮಾನವೂ ಹಾಗೆಯೇ ಆಗುತ್ತಿತ್ತು. ಎರಡು ಸಾವಿರದ ಇಪ್ಪತ್ತೆರಡರ ಜನವರಿ, ಮೂರನೆಯ ಶುಕ್ರವಾರ. ನಿರ್ಬಂಧಗಳನ್ನೆಲ್ಲ ತೆಗೆಯುತ್ತಾರಂತೆ ಎಂಬ ಸುದ್ದಿ ಹಿಂದಿನ ದಿನದಿಂದ ಓಡಾಡುತ್ತಿತ್ತು. ಬಸ್ಸಿನಲ್ಲಿದ್ದ ಮುದುಕಿಯರು ಈಗಾಗಲೇ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಮದುವೆಗೆ ಹೊರಟವರಂತೆ ಹರಟುತ್ತಿದ್ದರು.

ಜಿಬ್ರಾನ್ ಗದಗಿನವನು. ಧಾರವಾಡದಲ್ಲಿ ವಕೀಲಿ ಓದಿ, ಮೇಲಿನ ಓದಿಗೆಂದು ಡಬ್ಲಿನ್ನಿಗೆ ಬಂದ ಆರೇ ತಿಂಗಳಿಗೆ ಊರಿಗೂರೇ ಬಾಗಿಲು ಹಾಕಿಕೊಂಡಿತ್ತು. ಬೇರೆಯವರಿಗೆ ಲಾಕ್‌ಡೌನ್ ಶಿಕ್ಷೆಯಾಯಿತು. ಇವನಿಗೆ ಮಾತ್ರ ಯಾರೊಂದಿಗೂ ಮಾತಾಡಬೇಕಾಗಿಲ್ಲ ಎಂಬುದು ಒಳಗೊಳಗೇ ಒಂದು ರಜೆಯಂತೆ ಕಂಡಿತ್ತು. ಊರಂಚಿನ ಟಾಲಾದ ಎರಡು ಕೋಣೆಯ ಮನೆಯಲ್ಲಿ ಕೂತು ಎಂಬತ್ತು ಪುಟದ ಪ್ರಬಂಧ ಬರೆದ. ಒಬ್ಬನ ಹಣ, ಇನ್ನೊಬ್ಬನ ದುಡಿಮೆ ಸೇರಿಸಿ, ಬಡ್ಡಿಯ ಮಾತಿಲ್ಲದೆ ಹೊಸ ಉದ್ಯಮ ಕಟ್ಟುವ ಇಸ್ಲಾಮಿ ಪದ್ಧತಿಯಿದೆಯಲ್ಲ, ಮುದಾರಬಾ ಎನ್ನುತ್ತಾರೆ, ಅದನ್ನು ಫ್ರಾನ್ಸು, ಬೆಲ್ಜಿಯಂನಂಥ ದೇಶಗಳ ಕಾನೂನಿನೊಳಗೆ ಕೂರಿಸುವುದು ಹೇಗೆ ಎಂಬುದೇ ಅವನ ವಿಷಯ. ಆ ದೇಶಗಳಲ್ಲಿ ಎಲ್ಲವನ್ನೂ ಒಂದು ದೊಡ್ಡ ಸಂಹಿತೆಯಲ್ಲಿ ಬರೆದಿಟ್ಟಿರುತ್ತಾರೆ. ಪ್ರತಿ ಕರಾರಿಗೂ ಅಲ್ಲೊಂದು ಖಾನೆ. ಸಾಲವೆಂದರೆ ಈ ಖಾನೆ, ಪಾಲುದಾರಿಕೆಯೆಂದರೆ ಆ ಖಾನೆ. ಮುದಾರಬಾ ಯಾವ ಖಾನೆಯಲ್ಲೂ ಸರಿಯಾಗಿ ಕೂರುವುದಿಲ್ಲ. ಕಾಲು ಹೊರಗೆ ಉಳಿಯುತ್ತದೆ, ಇಲ್ಲವೇ ತಲೆ. ಆ ಕಾಲನ್ನೂ ತಲೆಯನ್ನೂ ಒಳಗೆ ಸೇರಿಸುವುದರಲ್ಲಿ ವರ್ಷಕ್ಕೂ ಹೆಚ್ಚು ಕಾಲ ಕಳೆದಿತ್ತು. ಪದವಿ ಬಂತು, ಕೆಲಸ ಬರಲಿಲ್ಲ. ಈಗ ಬೆಳಗಿನ ಐದಕ್ಕೆ ಎದ್ದು ಸೂಪರ್ ಮಾರ್ಕೆಟ್ಟಿನಲ್ಲಿ ಹಾಲು ಮೊಸರು ಜೋಡಿಸುತ್ತಿದ್ದ. ಹಾಲು ಮೊಸರಿಗೆ ಅದರದರ ಖಾನೆ ಇತ್ತು.

ಅವನ ಎಂಬತ್ತು ಪುಟವನ್ನು ಒಂದೇ ಉಸಿರಿನಲ್ಲಿ ಹೇಳಿದವರು ಇನಾಯತುಲ್ಲಾ ಚಾಚಾ. ಬೆಂಗಳೂರಿನ ಗೋರಿಪಾಳ್ಯದವರು. ಇಪ್ಪತ್ತು ವರ್ಷದ ಹಿಂದೆ ಬಂದು ನೇಸ್‌ನಲ್ಲಿ ಟೈರ್ ಅಂಗಡಿ ಇಟ್ಟು ನೆಲೆಯಾದವರು. ಜುಮ್ಮಾ ನಮಾಜಿನಲ್ಲಿ ಪರಿಚಯವಾದ ಈ ಮೂಕ ಹುಡುಗನ ಬಾಯಿಂದ ಪ್ರಬಂಧದ ವಿಷಯ ಹೊರಡಿಸುವುದಕ್ಕೆ ಅವರಿಗೆ ಮೂರು ಶುಕ್ರವಾರ ಹಿಡಿದಿತ್ತು. ಕೇಳಿಸಿಕೊಂಡು ಅವರು ಅಂದದ್ದಿಷ್ಟು: “ದುಡ್ಡು ನಂದು, ದುಡಿಮೆ ಅವನದು. ಬಂದ್ರೆ ಇಬ್ಬರಿಗೂ ಬಂತು. ಹೋದ್ರೆ ನಂದು ದುಡ್ಡು ಹೋಯ್ತು, ಅವನದು ದುಡಿಮೆ ಹೋಯ್ತು. ಇಷ್ಟೇ ತಾನೇ ವಕೀಲ್ ಸಾಬ್? ಇದಕ್ಕೆ ಎಂಬತ್ತು ಪೇಜ್ ಯಾಕೆ?”

“ಹೌದ್ರಿ ಚಾಚಾ,” ಅಂದಿದ್ದ ಜಿಬ್ರಾನ್. ಅವನ ಹೆಚ್ಚಿನ ಮಾತುಕತೆ ಅಲ್ಲಿಗೇ ಮುಗಿಯುತ್ತಿತ್ತು.

ಅವನ ಜೊತೆ ಮನೆ ಹಂಚಿಕೊಂಡಿದ್ದವನು ಲೋಹಿತ್. ಮೈಸೂರಿನವನು, ಸಾಫ್ಟ್‌ವೇರ್ ಕೆಲಸ. ವರ್ಕ್ ಪರ್ಮಿಟ್ಟಿನ ಕಾಟ ಮುಗಿದು ಸ್ವಂತ ಕಂಪನಿ ತೆರೆಯುವ ಹಕ್ಕು ಆಗಷ್ಟೇ ಸಿಕ್ಕಿತ್ತು. ಮೊದಲನೆಯ ಲಾಕ್‌ಡೌನ್ ಸಡಿಲವಾಗಿ ಮಸೀದಿ, ಚರ್ಚು, ಕ್ಷೌರದಂಗಡಿಗಳು ತೆರೆದಾಗ ಎಲ್ಲೆಲ್ಲೂ ಒಂದೇ ಗೋಳು. ಒಳಗೆ ಐವತ್ತೇ ಜನ, ಹೊರಗೆ ಇನ್ನೂರು. ಲೋಹಿತ್ ಹದಿನೈದು ದಿನ ಸಂಜೆ ಕೂತು ಒಂದು ಆ್ಯಪ್ ಮಾಡಿದ. ಹೆಸರು ‘ಸರದಿ’. ಫೋನಿನಲ್ಲಿ ಒತ್ತಿದರೆ ನಿಮ್ಮ ಸರದಿ ಎಷ್ಟು ಗಂಟೆಗೆ ಎಂದು ಬರುತ್ತದೆ. ಐರಿಷ್ ಜನರ ಬಾಯಲ್ಲಿ ಅದು ‘ಸರಾಡಿ’ಯಾಗಿ, ಕಿಲ್ಡೇರಿನ ಒಂದು ಹಳ್ಳಿಯ ಪಾದ್ರಿ ಇದು ಇಟಲಿಯ ಕಂಪನಿಯೆಂದೇ ತಿಳಿದಿದ್ದರು.

ಅದನ್ನು ಬೆಳೆಸಲು ಬಂಡವಾಳ ಬೇಕಾಯಿತು. ಬ್ಯಾಂಕಿನವರು ನಕ್ಕು ಕಳಿಸಿದರು. ಲಾಕ್‌ಡೌನಿನಲ್ಲೂ ಟೈರ್ ಅಂಗಡಿ ತೆರೆದಿದ್ದರಿಂದ ಚಾಚಾನ ಬಳಿ ದುಡ್ಡಿತ್ತು. ಹನ್ನೆರಡು ಸಾವಿರ ಯೂರೋ ಹಾಕಿದರು. ಲಾಭ ಬಂದರೆ ನೂರಕ್ಕೆ ಅರವತ್ತು ಲೋಹಿತನಿಗೆ, ನಲವತ್ತು ಚಾಚಾಗೆ. ನಷ್ಟವಾದರೆ ಅದು ಪೂರ್ತಿ ಚಾಚಾನದು. ಕರಾರು ಬರೆಯುವ ಕೆಲಸ ಜಿಬ್ರಾನನ ಪಾಲಿಗೆ ಬಂತು. ಅವನು ಉತ್ಸಾಹದಲ್ಲಿ ಪ್ರಬಂಧದಿಂದಲೇ ಕಲಮುಗಳನ್ನು ಎತ್ತಿ, ನೋಟರಿ, ಸಂಹಿತೆ, ಮುದ್ರೆ ಎಂದು ಹನ್ನೊಂದು ಪುಟ ಬರೆದ. ನೇಸ್‌ನ ಸಾಲಿಸಿಟರ್ ಹೆಂಗಸು ಅದನ್ನು ಓದಿ, ಬಹಳ ಗ್ರ್ಯಾಂಡಾಗಿದೆ, ಆದರೆ ಇದು ಐರ್ಲೆಂಡು, ಬೆಲ್ಜಿಯಂ ಅಲ್ಲ, ಇಲ್ಲಿ ನೀವು ಏನು ಒಪ್ಪಿದ್ದೀರೋ ಅದನ್ನು ನೆಟ್ಟಗೆ ಬರೆದರೆ ಸಾಕು ಎಂದಳು. ಹನ್ನೊಂದು ಪುಟ ಒಂದೂವರೆ ಪುಟವಾಯಿತು. ಅದರಲ್ಲಿ ಚಾಚಾ ತಾವೇ ಹೇಳಿ ಬರೆಸಿದ ಒಂದು ಸಾಲಿತ್ತು: ಇಂತಿಷ್ಟು ಕೊಟ್ಟೇ ಕೊಡುತ್ತೇನೆ ಎಂಬ ಮಾತು ಯಾವ ಕಾಲಕ್ಕೂ ಇರಕೂಡದು.

ಆ ಸಾಲಿಗೊಂದು ಕಾರಣವಿತ್ತು. ಚಾಚಾನ ಹೆಂಡತಿ ಇಸ್ಮತ್ ಚಾಚಿಯ ತಂಗಿ ಬೆಂಗಳೂರಿನಲ್ಲಿ ಒಂದು ಕಂಪನಿಗೆ ಬಳೆ, ಸರ ಎಲ್ಲ ಮಾರಿ ದುಡ್ಡು ಕಟ್ಟಿದ್ದರು. ಬಡ್ಡಿಯಲ್ಲ, ಹಲಾಲ್ ಲಾಭ ಅಂತ ಪ್ರತಿ ತಿಂಗಳೂ ತಪ್ಪದೆ ಕೊಡುತ್ತಿದ್ದ ಆ ಕಂಪನಿಯ ಯಜಮಾನ ಒಂದು ದಿನ ಬಾಗಿಲು ಹಾಕಿಕೊಂಡು ಹೋದ. ಮೊದಲು ಸೇರಿದವರಿಗೆ ಕೊಟ್ಟದ್ದೆಲ್ಲ ಆಮೇಲೆ ಸೇರಿದವರ ದುಡ್ಡು. ಅಂದಿನಿಂದ ಚಾಚಾನ ಮನೆಯಲ್ಲಿ ‘ತಿಂಗಳ ಲಾಭ’ ಎಂಬ ಮಾತೇ ಬೈಗುಳವಾಗಿತ್ತು.

ಆದರೆ ಲೋಹಿತನಿಗೆ ಈ ಕತೆ ಗೊತ್ತಿರಲಿಲ್ಲ. ಕಳೆದ ವರ್ಷದ ಜೂನಿನ ಮೊದಲಲ್ಲಿ ಒಂದು ಬೆಳಿಗ್ಗೆ ಅವನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತ ಕೇಳಿದ್ದ. ಜಿಬ್ರಾನ್ ಮೇಜಿನ ಮೇಲೆ ಪ್ರಬಂಧದ ಅಡಿಟಿಪ್ಪಣಿಗಳನ್ನು ತಿದ್ದುತ್ತಿದ್ದ.

“ಲೋ ಜಿಬ್ರಾನ್, ಅಂಕಲ್ ದುಡ್ಡು ಹಾಕಿ ಹತ್ತು ತಿಂಗಳಾಯ್ತು. ಲಾಭ ಅಂತ ಒಂದು ಪೈಸೆ ಇಲ್ಲ. ದೊಡ್ಡವರ ದುಡ್ಡು ಇಟ್ಕೊಂಡು ಹಿಂಗೆ ಸುಮ್ನಿರೋಕೆ ನಾಚಿಕೆ ಆಗುತ್ತೆ ಕಣೋ. ನನ್ನ ಸಂಬಳದಿಂದ ತಿಂಗಳಿಗೆ ನೂರೈವತ್ತು ಕಳಿಸ್ತಾ ಇರ್ಲಾ?”

ಜಿಬ್ರಾನ್ ತಲೆ ಎತ್ತಿದ್ದ. ಬೇಡ ಅನ್ನಬೇಕೆಂದು ಗೊತ್ತಿತ್ತು. ಯಾಕೆ ಬೇಡ ಎಂದು ವಿವರಿಸಬೇಕು, ಚಾಚಿಯ ತಂಗಿಯ ಬಳೆಯಿಂದ ಶುರು ಮಾಡಬೇಕು, ಲೋಹಿತ್ ನೂರು ಪ್ರಶ್ನೆ ಕೇಳುತ್ತಾನೆ. ಬೆಳಗಿನ ಏಳೂವರೆಯ ಆ ನಿಶ್ಶಬ್ದ ಒಡೆಯುವುದು ಅವನಿಗೆ ಬೇಡವಾಗಿತ್ತು. ಲೋಟ ಎತ್ತಿ ಒಂದು ಗುಟುಕು ಕಾಫಿ ಕುಡಿದ. ಲೋಹಿತ್ ಅದನ್ನೇ ಹ್ಞೂಂ ಎಂದು ತಿಳಿದು ಹೊರಟುಹೋದ. ಆಗ ಜಿಬ್ರಾನನ ಮುಂದಿದ್ದ ಅಡಿಟಿಪ್ಪಣಿ, ಬೆಲ್ಜಿಯಂನ ಕಾನೂನಿನಲ್ಲಿ ಸುಮ್ಮನಿರುವುದನ್ನು ಸಾಮಾನ್ಯವಾಗಿ ಒಪ್ಪಿಗೆಯೆಂದು ಎಣಿಸಲಾಗದು ಎಂಬುದನ್ನು ಕುರಿತಾಗಿತ್ತು.

ಅಂದಿನಿಂದ ಎಂಟು ತಿಂಗಳು, ಪ್ರತಿ ಐದನೇ ತಾರೀಕು, ಚಾಚಾನ ಫೋನು ಟಿಂಗ್ ಎನ್ನುತ್ತಿತ್ತು. ಅದು ನಿಜವಾದ ಲಾಭವೆಂದೇ ನಂಬಿ ಚಾಚಾ ಹಿಗ್ಗಿದರು. ಮಸೀದಿಯಲ್ಲಿ, ಅಂಗಡಿಯಲ್ಲಿ, ಊರಿನ ಫೋನಿನಲ್ಲಿ, ನಮ್ಮ ಹುಡುಗ ಲಾಭ ಮಾಡ್ತಾ ಇದ್ದಾನೆ ಎಂದು ಹೇಳಿಕೊಂಡರು. ಹಾಗೆ ಹೇಳಿಸಿಕೊಂಡವರಲ್ಲಿ ಇಜಾಜ್ ಭಾಯಿ ಒಬ್ಬರು. ಸ್ಲೈಗೋದ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಗಂಡ ಹೆಂಡತಿ ಮೆಕ್ಕಾಕ್ಕೆ ಹೋಗಿ ಉಮ್ರಾ ಮಾಡಲೆಂದು ಕೂಡಿಟ್ಟ ಹತ್ತು ಸಾವಿರ ಯೂರೋ ಎರಡು ವರ್ಷದಿಂದ ಬ್ಯಾಂಕಿನಲ್ಲಿ ಸುಮ್ಮನೆ ಬಿದ್ದಿತ್ತು. ಅದನ್ನು ‘ಸರದಿ’ಗೆ ಹಾಕಲು ಅವರು ಇಂದು ಸ್ಲೈಗೋದಿಂದ ಕಾರಿನಲ್ಲಿ ಬರುತ್ತಿದ್ದರು. ಊಟ ಚಾಚಾನ ಮನೆಯಲ್ಲಿ. ಲೋಹಿತನೂ ಬರುತ್ತಾನೆ. ಹೊಸ ಪಾಲುದಾರರ ವಿಷಯವನ್ನು ಚಾಚಾ ಅವನಿಗೆ ಹೇಳಿರಲಿಲ್ಲ. ಬಾ, ಒಂದು ಸರ್ಪ್ರೈಸ್ ಐತೆ ಎಂದಷ್ಟೇ ಅಂದಿದ್ದರು. ಜಿಬ್ರಾನನಿಗೆ ಮಾತ್ರ ಹೊಸ ಕರಾರು ಬರೆದು ತರಲು ಹೇಳಿದ್ದರು. ಅದು ಅವನ ಬ್ಯಾಗಿನಲ್ಲಿತ್ತು. ಬರೆಯುವಾಗಲೂ ಅವನು ಏನೂ ಹೇಳಿರಲಿಲ್ಲ.

ಊಟಕ್ಕೆ ಮೊದಲು ಹೇಳುವುದೆಂದು ನೇಸ್‌ನಲ್ಲಿ ಇಳಿಯುವಾಗ ತೀರ್ಮಾನವಾಯಿತು. ಜುಮ್ಮಾ ಮುಗಿಸಿ ಮನೆಗೆ ಬಂದರೆ ಊಟ ಆಗಲೇ ಬಡಿಸಿತ್ತು. ಹಾಗಾಗಿ ಊಟವಾದ ಮೇಲೆ ಎಂದಾಯಿತು.

ಇಜಾಜ್ ಭಾಯಿ ಮೂರು ಗಂಟೆ ಕಾರು ಓಡಿಸಿ ಬಂದು ಹಸಿದಿದ್ದರು. ಬಿರಿಯಾನಿಗೆ ಕೈ ಹಾಕಿದವರು, ಕಳೆದ ಎರಡು ವರ್ಷ ತಾವು ನೋಡಿದ ಕೋವಿಡ್ ಪರೀಕ್ಷೆಯ ಮೂಗಿನ ಕಡ್ಡಿಗಳ ಲೆಕ್ಕ ಹೇಳಿ, ಊಟದ ಹೊತ್ತಿಗೆ ಇದೇನು ಮಾತು ಎಂದು ಚಾಚಿಯಿಂದ ಬೈಸಿಕೊಂಡರು. ಚಾಚಾ ‘ಸರದಿ’ಯ ಮಹಿಮೆ ಹೇಳುತ್ತಿದ್ದರು. ರಂಜಾನಿನಲ್ಲಿ ತಾವೇ ಬಂಡವಾಳ ಹಾಕಿದ ಆ್ಯಪಿನಲ್ಲಿ ತಮಗೇ ಜಾಗ ಸಿಗದೆ ಮನೆಯಲ್ಲೇ ನಮಾಜು ಮಾಡಿದ್ದನ್ನು ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ಈಗ ನಿರ್ಬಂಧ ತೆಗೆದರೆ ಹೇಗೆ ಭಾಯ್ ಎಂದು ಇಜಾಜ್ ಭಾಯಿ ಕೇಳಿದಾಗ, ಜನಕ್ಕೆ ಬುಕ್ ಮಾಡುವ ರುಚಿ ಹತ್ತಿದೆ, ಇನ್ನು ಬಿಡುವುದಿಲ್ಲ ಎಂದರು.

“ತಿಂಗಳು ತಿಂಗಳು ಬರ್ತಾ ಐತೆ. ನೋಡು.” ಫೋನು ಮುಂದೆ ಹಿಡಿದರು.

ಇಸ್ಮತ್ ಚಾಚಿ ಇಣುಕಿ ನೋಡಿದರು. “ಎಂಟೂ ನೂರೈವತ್ತೇ. ಎಂಟೂ ಐದನೇ ತಾರೀಕೇ. ಲಾಭ ಏನು ಕ್ಯಾಲೆಂಡರ್ ನೋಡ್ಕೊಂಡು ಬರುತ್ತಾ?”

“ಇಂಜಿನಿಯರ್ ಅವನು, ಎಲ್ಲಾ ಶಿಸ್ತು,” ಅಂದರು ಚಾಚಾ.

ಚಾಚಿಯ ಕಣ್ಣು ಒಂದು ಸಲ ಜಿಬ್ರಾನನ ಮೇಲೆ ಬಂದು ಹೋಯಿತು. ಅವನು ತಟ್ಟೆಯಲ್ಲಿದ್ದ ಏಲಕ್ಕಿಯನ್ನು ಹುಡುಕಿ ಪಕ್ಕಕ್ಕಿಟ್ಟ.

ಮೂರೂವರೆಗೆ ಲೋಹಿತನ ಕಾರಿನ ಸದ್ದಾಯಿತು. ಹದಿನಾರು ವರ್ಷದ ಹಳೆಯ ಮೈಕ್ರಾ. ಕಿಲ್ಡೇರಿನ ಆ ಪಾದ್ರಿ ವಾಪಸು ಕೊಟ್ಟ, ‘ಸರದಿ’ ಓಡಿಸುವ ಎರಡು ಟ್ಯಾಬ್ಲೆಟ್ ಕಂಪ್ಯೂಟರ್ ತರಬೇಕಿದ್ದುದರಿಂದ ಅವನು ಬೇರೆ ದಾರಿಯಲ್ಲಿ ಬಂದಿದ್ದ. ಚಾಚಾನ ಮನೆಗೆ ಯಾರ ಕಾರು ಬಂದರೂ ಒಂದು ಪದ್ಧತಿಯಿದೆ. ಚಾಚಾ ಹೊರಗೆ ಬಂದು, ಸಲಾಮು, ನಮಸ್ಕಾರಕ್ಕಿಂತ ಮೊದಲು ಮಂಡಿಯೂರಿ, ಟೈರಿನ ಗೀರುಗಳಲ್ಲಿ ಒಂದು ನಾಣ್ಯ ತೂರಿಸಿ ಆಳ ನೋಡುತ್ತಾರೆ. ಇಮಾಮರ ಕಾರಿಗೂ ಬಿಟ್ಟವರಲ್ಲ. ಇವತ್ತೂ ಕೂತರು. ನಾಣ್ಯ ತೂರಿಸಲು ಗೀರೇ ಇರಲಿಲ್ಲ. ಇನ್ನೊಂದು ಚಕ್ರದ ಬಳಿಗೆ ಹೋದರು, ಮತ್ತೊಂದಕ್ಕೂ ಹೋದರು. ನಾಲ್ಕನೆಯದರ ಬಳಿ ಕೂತವರು ಎದ್ದೇಳಲಿಲ್ಲ.

“ಇದೇನಯ್ಯಾ ಲೋಹಿತ್, ಟೈರೋ ಕುಂಬಳಕಾಯೋ? ನನ್ನ ತಲೆಗಿಂತ ನುಣ್ಣಗೈತೆ.”

“ಮುಂದಿನ ತಿಂಗಳು ಹಾಕಿಸ್ತೀನಿ ಅಂಕಲ್.”

“ಕಾರಿನ ಎನ್‌ಸಿಟಿ ಟೆಸ್ಟ್ ಪಾಸಾಯ್ತಾ?”

“ಇಲ್ಲ. ಫೇಲ್ ಆಯ್ತು.”

“ಯಾವಾಗ?”

“ಅಕ್ಟೋಬರಲ್ಲಿ.”

ಚಾಚಾ ನಾಣ್ಯವನ್ನು ಬೆರಳುಗಳ ನಡುವೆ ತಿರುಗಿಸಿದರು. ಇಪ್ಪತ್ತು ವರ್ಷ ಟೈರು ನೋಡಿ ಮನುಷ್ಯರನ್ನು ಅಳೆದವರು ಅವರು. ಯಾರ ಮನೆಯಲ್ಲಿ ಮಗು ಬರುತ್ತಿದೆ, ಯಾರ ಕೆಲಸ ಹೋಗಿದೆ ಎಂದು ಟೈರು ನೋಡಿ ಹೇಳುತ್ತಾರೆಂಬ ಖ್ಯಾತಿಯಿತ್ತು. “ನಂಗೆ ತಿಂಗಳಿಗೆ ನೂರೈವತ್ತು ಬರ್ತಾ ಐತೆ. ಅಂದ್ರೆ ನಿನ್ನ ಪಾಲು ಅದಕ್ಕಿಂತ ಜಾಸ್ತಿ ಬರ್ಬೇಕು. ನಾಲ್ಕು ಟೈರಿಗೆ ದುಡ್ಡಿಲ್ವಾ?”

ಲೋಹಿತ್ ನಕ್ಕ. ಟೈಮ್ ಆಗಲಿಲ್ಲ, ಕೆಲಸ ಜಾಸ್ತಿ ಎಂದೇನೋ ಹೇಳಿದ. ಚಾಚಾ ಒಪ್ಪಿದವರಂತೆ ತಲೆಯಾಡಿಸಿ, ಅವನ ಹೆಗಲ ಮೇಲೆ ಕೈಹಾಕಿ ಒಳಗೆ ಕರೆದುಕೊಂಡು ಬಂದರು. ಅವನಿಗೆಂದೇ ಬೇರೆ ಬಾಣಲೆಯಲ್ಲಿ ಮಾಡಿದ್ದ ಬೀನ್ಸ್ ಪಲ್ಯವನ್ನು ಚಾಚಿ ಬಡಿಸಿದರು. ಲೋಹಿತ್ ಎರಡು ತುತ್ತು ತಿನ್ನುವಷ್ಟರಲ್ಲಿ ಚಾಚಾ ತಮ್ಮ ಸರ್ಪ್ರೈಸ್ ಬಿಚ್ಚಿದರು. ಇಜಾಜ್ ಭಾಯಿ ಆಗಲೇ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ತೆರೆದು ಹತ್ತು ಸಾವಿರ ಎಂದು ಬರೆದಿಟ್ಟುಕೊಂಡಿದ್ದರು. ಬಿಸ್ಮಿಲ್ಲಾ ಅಂದು ಒತ್ತುವುದೊಂದು ಬಾಕಿ.

ಲೋಹಿತನ ಕೈ ತಟ್ಟೆಯಲ್ಲೇ ನಿಂತಿತು. ಅವನ ಮುಖದ ಬಣ್ಣ ಹೋದದ್ದು ಜಿಬ್ರಾನನಿಗೆ ಮಾತ್ರ ಕಂಡಿತು. ಬೇಡ ಅನ್ನಲು ಲೋಹಿತನಿಗೆ ಬಾಯಿ ಬರಲಿಲ್ಲ. ಬೇಡ ಅಂದರೆ ಯಾಕೆ ಎಂದು ಕೇಳುತ್ತಾರೆ. ಜಿಬ್ರಾನನಿಗೆ ಆ ಕಷ್ಟ ಚೆನ್ನಾಗಿ ಗೊತ್ತಿತ್ತು. ಅದು ಅವನ ದಿನನಿತ್ಯದ ಕಷ್ಟ. ಇನ್ನೊಬ್ಬರ ಮುಖದ ಮೇಲೆ ಅದನ್ನು ಅವನು ನೋಡಿದ್ದು ಇದೇ ಮೊದಲು. ಹೊರಗಿನಿಂದ ನೋಡಿದರೆ ಅದು ಮೌನದಂತೆ ಕಾಣುತ್ತಿರಲಿಲ್ಲ, ಮುಳುಗುವವನಂತೆ ಕಾಣುತ್ತಿತ್ತು.

ಇಜಾಜ್ ಭಾಯಿಯ ಹೆಬ್ಬೆರಳು ಫೋನಿನ ಮೇಲೆ ಬಂತು.

“ಲಾಭ ಬಂದಿಲ್ರಿ ಚಾಚಾ,” ಅಂದ ಜಿಬ್ರಾನ್.

ಯಾರ ಧ್ವನಿ ಎಂದು ಎಲ್ಲರೂ ಒಂದು ಕ್ಷಣ ಹುಡುಕಿದರು.

“ಒಂದ್ ತಿಂಗಳೂ ಬಂದಿಲ್ರಿ. ನಿಮಗ ಬಂದದ್ದು ಲೋಹಿತನ ಪಗಾರದ ರೊಕ್ಕ. ಇಜಾಜ್ ಭಾಯಿ, ಅದನ್ನ ಒತ್ತಬ್ಯಾಡ್ರಿ.”

ಇಜಾಜ್ ಭಾಯಿ ಫೋನನ್ನು ಮೆಲ್ಲಗೆ, ಬಿಸಿ ಪಾತ್ರೆ ಇಡುವವರಂತೆ, ಮೇಜಿನ ಮೇಲಿಟ್ಟರು. ಇನಾಯತುಲ್ಲಾ ಚಾಚಾ ತಮ್ಮ ಫೋನನ್ನು ತೆಗೆದು, ಎಂಟು ಸಾಲುಗಳನ್ನು ಒಂದೊಂದಾಗಿ ಬೆರಳಿನಿಂದ ಮೇಲಕ್ಕೆ ತಳ್ಳಿದರು.

“ಬೆಂಗಳೂರಿನವನೂ ಹಿಂಗೇ ಕಳಿಸ್ತಿದ್ದ,” ಅಂದರು. “ಅವನದೂ ಐದನೇ ತಾರೀಕೇ.”

ಚಾಚಿಯ ತಂಗಿಯ ಕತೆಯನ್ನು ಲೋಹಿತ್ ಆಗ ಮೊದಲ ಬಾರಿಗೆ ಕೇಳಿದ. ಇಜಾಜ್ ಭಾಯಿಯೇ ಅದನ್ನು ಅವನಿಗೆ ಹೇಳಿದರು, ತಗ್ಗಿದ ದನಿಯಲ್ಲಿ. ಕೇಳುತ್ತ ಕೇಳುತ್ತ ಲೋಹಿತನ ಕಣ್ಣಲ್ಲಿ ನೀರು ತುಂಬಿತು. ನಾನು ಮೋಸ ಮಾಡಬೇಕು ಅಂತ ಮಾಡಲಿಲ್ಲ ಅಂಕಲ್, ನಿಮ್ಮ ದುಡ್ಡು ಇಟ್ಟುಕೊಂಡು ಬರಿಗೈಯಲ್ಲಿ ಹೇಗೆ ಮುಖ ತೋರಿಸೋದು ಅಂತ, ಎಂದು ಅರ್ಧಂಬರ್ಧ ಹೇಳಿದ.

ಇಸ್ಮತ್ ಚಾಚಿ ಲೋಹಿತನ ತಟ್ಟೆಗೆ ಇನ್ನೊಂದು ಸೌಟು ಪಲ್ಯ ಹಾಕುತ್ತ ಗಂಡನಿಗೆ ಅಂದರು: “ಅವನು ಬೇರೆಯವರ ದುಡ್ಡು ಕೊಟ್ಟ. ಇವನು ತನ್ನದೇ ಕೊಟ್ಟ. ಅವನು ಕಳ್ಳ, ಇವನು ದಡ್ಡ. ಎರಡನ್ನೂ ಒಂದೇ ತಕ್ಕಡಿಗೆ ಹಾಕ್ಬೇಡ್ರಿ.”

ಚಾಚಾ ಹೆಂಡತಿಯ ಮುಖ ನೋಡಿದರು, ಲೋಹಿತನ ಮುಖ ನೋಡಿದರು. ಅವರ ಹೊಟ್ಟೆ ಅಲುಗತೊಡಗಿತು. ನಗು ಮೊದಲು ಅಲ್ಲಿ ಹುಟ್ಟಿ ಆಮೇಲೆ ಬಾಯಿಗೆ ಬರುವುದು ಅವರ ರೀತಿ.

“ದಡ್ಡ,” ಅಂದರು. “ಸೊನ್ನೆ ಟೈರಿನ ದಡ್ಡ. ಅಲ್ಲಯ್ಯಾ, ಆ ದುಡ್ಡು ನಾನೇನು ಮಾಡ್ದೆ ಗೊತ್ತಾ ನಿಂಗೆ?”

ಲೋಹಿತನಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ, ಚಾಚಿಯೊಬ್ಬರ ಹೊರತು. ಹೊಸ ಕಸುಬಿನ ಮೊದಲ ವರ್ಷದ ಲಾಭ ತಾನು ತಿನ್ನಬಾರದೆಂದು ಚಾಚಾ ನೇಮ ಮಾಡಿಕೊಂಡಿದ್ದರು. ಪ್ರತಿ ತಿಂಗಳ ನೂರೈವತ್ತಕ್ಕೂ ಮಟನ್ ಬಿರಿಯಾನಿ ಮಾಡಿಸಿ, ಡಬ್ಬಿಗಳ ಮೇಲೆ ‘ಸರದಿ ಕಂಪನಿಯ ಲೋಹಿತ್ ಕಡೆಯಿಂದ’ ಎಂದು ಚೀಟಿ ಅಂಟಿಸಿ, ನೇಸ್ ಆಸ್ಪತ್ರೆಯ ನರ್ಸುಗಳಿಗೆ ಕಳಿಸುತ್ತಿದ್ದರು. ಕಳೆದ ತಿಂಗಳು ಅಲ್ಲಿಯ ಮೇಟ್ರನ್ ಅಂಗಡಿಗೆ ಬಂದು, ಆ ಲೋಹಿತ್ ಎಂಬ ಪುಣ್ಯಾತ್ಮನಿಗೆ ಥ್ಯಾಂಕ್ಸ್ ಹೇಳಿ ಎಂದು ಕಾರ್ಡು ಕೊಟ್ಟು ಹೋಗಿದ್ದಳಂತೆ.

ಲೋಹಿತ್ ಕಣ್ಣು ಒರೆಸಿಕೊಂಡ. “ಮಟನ್ನಾ?”

“ಮಟನ್ನೇ. ಎಂಟು ಸಲ.”

“ಅಂಕಲ್, ನಮ್ಮನೇಲಿ ಮೊಟ್ಟೆ ಒಡೆದ್ರೂ ನಮ್ಮಜ್ಜಿ ಮನೆ ತೊಳಿಸ್ತಾರೆ.”

ಇಜಾಜ್ ಭಾಯಿ ಕೆಮ್ಮುವಂತೆ ನಕ್ಕು, ಆಮೇಲೆ ತಡೆಯಲಾಗದೆ ಮೇಜು ಬಡಿದು ನಕ್ಕರು. ಚಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಲೋಹಿತನೂ ಸೋತ. ಜಿಬ್ರಾನನಿಗೆ ತನ್ನ ಎದೆಯೊಳಗೆ ಬಸ್ಸಿನಿಂದ ಇಳಿಯದೆ ಉಳಿದಿದ್ದ ಏನೋ ಒಂದು ಈಗ ಇಳಿದಂತಾಯಿತು.

ನಗು ತಗ್ಗಿದಾಗ ಚಾಚಾ ಕೇಳಿದರು, ಕೋಪವಿಲ್ಲದೆ, ಸುಮ್ಮನೆ ತಿಳಿಯುವುದಕ್ಕೆಂದು. “ಆದ್ರೂ ಒಂದು ಮಾತು. ದುಡ್ಡು ಕಳಿಸೋ ಮುಂಚೆ ಯಾರನ್ನಾದ್ರೂ ಕೇಳ್ಬಾರದಿತ್ತಾ? ಕರಾರು ಬರೆದ ವಕೀಲ ನಿನ್ನ ಮನೇಲೇ ಇದ್ದಾನಲ್ಲಯ್ಯಾ.”

ಲೋಹಿತ್ ಒಂದೇ ಒಂದು ಸಲ ಜಿಬ್ರಾನನ ಕಡೆ ನೋಡಿದ. ಅಡುಗೆಮನೆ, ಕಾಫಿ, ಜೂನಿನ ಬೆಳಗು, ಎಲ್ಲ ಆ ನೋಟದಲ್ಲಿ ಇತ್ತು. ಜಿಬ್ರಾನ್ ಬಾಯಿ ತೆರೆದ.

“ತಲೆಗೆ ಹೊಳೀಲಿಲ್ಲ ಅಂಕಲ್,” ಅಂದ ಲೋಹಿತ್.

“ಹೊಳೀಬೇಕಿತ್ತು,” ಎಂದು ಚಾಚಾ ಜಿಬ್ರಾನನ ಬೆನ್ನು ತಟ್ಟಿದರು. “ನೋಡು, ಇವನು ವರ್ಷಕ್ಕೆ ಒಂದ್ಸಲ ಮಾತಾಡ್ತಾನೆ. ಆಡಿದ್ರೆ ಹತ್ತು ಸಾವಿರ ಉಳಿಸ್ತಾನೆ.”

ಜಿಬ್ರಾನ್ ತೆರೆದ ಬಾಯಿ ಮುಚ್ಚಿದ.

ಸಂಜೆ ಆರರ ಹೊತ್ತಿಗೆ ಚಾಚಾನ ಮಗಳು ಸುಮೈರಾ ಕಾಲೇಜಿನಿಂದ ಬಂದು ಟಿವಿ ಹಾಕಿದಳು. ಹೆಚ್ಚುಕಡಿಮೆ ಎಲ್ಲ ನಿರ್ಬಂಧಗಳೂ ನಾಳೆ ಬೆಳಿಗ್ಗೆ ಆರು ಗಂಟೆಯಿಂದ ಮುಗಿಯುತ್ತವೆ ಎಂದು ಸರ್ಕಾರ ಹೇಳುತ್ತಿತ್ತು. ಅಂತರ ಕಾಯಬೇಕಿಲ್ಲ, ಎಂಟು ಗಂಟೆಗೆ ಹೋಟೆಲು ಮುಚ್ಚುವುದಿಲ್ಲ, ತಲೆ ಎಣಿಸುವುದಿಲ್ಲ. “ಇಟ್ಸ್ ಓವರ್, ಅಬ್ಬಾ. ವಿ ಆರ್ ಗ್ರ್ಯಾಂಡ್,” ಅಂದಳು ಸುಮೈರಾ. ಪಕ್ಕದ ಮನೆಯವರು ಹೊರಗೆ ಬಂದು ಪಾತ್ರೆ ಬಡಿದರು. ಚಾಚಿ ಕೈಯೆತ್ತಿ ದುವಾ ಮಾಡಿದರು. ಇಜಾಜ್ ಭಾಯಿ ಸೋಫಾದ ಮೇಲೆ ತಲೆ ಒರಗಿಸಿ, ಎರಡು ವರ್ಷದ ನಂತರ ಮೊದಲ ಸಲ ಎಂಬಂತೆ, ಕಣ್ಣು ಮುಚ್ಚಿದರು.

ಅದೇ ಹೊತ್ತಿಗೆ ಲೋಹಿತನ ಫೋನು ಗುಂಯ್ ಎಂದಿತು. ಒಂದು ಹೋಟೆಲಿನವರು ‘ಸರದಿ’ ಬಿಟ್ಟರು. ಮತ್ತೆ ಗುಂಯ್. ಜಿಮ್ಮಿನವರು. ಮತ್ತೆ ಮತ್ತೆ ಗುಂಯ್. ಪ್ರತಿಯೊಬ್ಬರೂ ಥ್ಯಾಂಕ್ಸ್ ಹೇಳಿ, ದೇವರ ದಯೆಯಿಂದ ಇನ್ನು ನಿಮ್ಮ ಅಗತ್ಯವಿಲ್ಲ ಎಂಬರ್ಥದಲ್ಲಿ ಬರೆಯುತ್ತಿದ್ದರು. ಲೋಹಿತ್ ಓದಿ ಹೇಳುತ್ತಿದ್ದ, ಎಲ್ಲರೂ ಒಬ್ಬೊಬ್ಬರಿಗೂ ಚಪ್ಪಾಳೆ ತಟ್ಟುತ್ತಿದ್ದರು. ಅರ್ಧ ಗಂಟೆಯಲ್ಲಿ ಕಂಪನಿ ಮುಗಿಯಿತು. ಇಷ್ಟು ಸಂತೋಷದಿಂದ ಮುಳುಗಿದ ಕಂಪನಿಯನ್ನು ಯಾವ ಸಂಹಿತೆಯ ಯಾವ ಖಾನೆಗೆ ಹಾಕುವುದೆಂದು ಜಿಬ್ರಾನನಿಗೆ ತಿಳಿಯಲಿಲ್ಲ.

ಆಗ ಲೋಹಿತ್ ಎದ್ದುನಿಂತು, ಅಂಕಲ್, ನಿಮ್ಮ ಹನ್ನೆರಡು ಸಾವಿರವನ್ನು ನಾನು ನಿಧಾನವಾಗಿ ತೀರಿಸುತ್ತೇನೆ ಎಂದ. ಚಾಚಾ ನಿಜವಾಗಿ ಸಿಟ್ಟಾದದ್ದು ಆಗಲೇ.

“ಕೂತ್ಕೋ. ನಷ್ಟ ಯಾರದು? ವಕೀಲ್ ಸಾಬ್, ಹೇಳು.”

“ನಿಮ್ಮದ್ರಿ ಚಾಚಾ.”

“ಕೇಳ್ದ್ಯಾ? ನಂದು. ಬರೆದು ಸೈನ್ ಮಾಡಿ ತಗೊಂಡಿರೋ ನಷ್ಟ ಅದು. ನಿನ್ನ ಒಂದೂವರೆ ವರ್ಷದ ಸಂಜೆಗಳು ಹೋದ್ವು, ಅದು ನಿಂದು, ನಾನು ಕೇಳಿದ್ನಾ? ನನ್ನ ಪಾಲು ನೀನ್ಯಾಕೆ ಕಿತ್ಕೊಳ್ತೀಯ? ಜನ ಸರದಿ ಇಲ್ದೆ ನಮಾಜಿಗೆ ಹೋಗ್ತಾರೆ ನಾಳೆಯಿಂದ. ಇದಕ್ಕಿಂತ ಒಳ್ಳೇ ನಷ್ಟ ನಂಗೆ ಎಲ್ಲಿ ಸಿಗ್ಬೇಕು?”

ಉಳಿದದ್ದು ಆ ನೂರೈವತ್ತರ ಎಂಟು ಕಂತು. ಅದು ಲಾಭವಲ್ಲ, ಸಾಲವಲ್ಲ, ಲೋಹಿತನ ಸಂಬಳ. ಅದನ್ನು ಇಟ್ಟುಕೊಳ್ಳುವ ಹಕ್ಕು ತನಗಿಲ್ಲ ಎಂದರು ಚಾಚಾ. ಬಿರಿಯಾನಿ ವಾಪಸು ತರುವ ಹಾಗಿಲ್ಲ. ಲೋಹಿತ್ ದುಡ್ಡು ಮುಟ್ಟಲಾರೆ ಎಂದ. ಎಳೆದಾಟ ಹತ್ತು ನಿಮಿಷ ನಡೆಯಿತು. ಕೊನೆಗೆ ಚಾಚಾ ಅಂಗಡಿಯ ಬೀಗದ ಕೈ ಕಿಸೆಗೆ ಹಾಕಿಕೊಂಡು ಎದ್ದರು. ಎಲ್ಲರೂ ಹಿಂದೆ ಹೊರಟರು, ಚಾಚಿ ಕೂಡ. ಮುಚ್ಚಿದ್ದ ಅಂಗಡಿಯ ಶಟರ್ ಎತ್ತಿ, ದೀಪ ಹಾಕಿ, ಜ್ಯಾಕಿನ ಮೇಲೆ ಮೈಕ್ರಾವನ್ನು ಏರಿಸಿ, ಅರವತ್ತು ವರ್ಷದ ಇನಾಯತುಲ್ಲಾ ಚಾಚಾ ತಾವೇ ನಾಲ್ಕು ಹೊಸ ಟೈರು ಹಾಕಿದರು. ನಾಲ್ಕು ಟೈರಿಗೆ ಸಾವಿರದ ಇನ್ನೂರು ಆಗುವುದಿಲ್ಲವಲ್ಲ ಎಂದು ಇಜಾಜ್ ಭಾಯಿ ಲೆಕ್ಕ ತೆಗೆದರು. ಈ ಕಾರು ಇರುವವರೆಗೂ ಇದರ ಟೈರು ತಮ್ಮದು ಎಂದರು ಚಾಚಾ. ಸರಿಯೇನಪ್ಪಾ ವಕೀಲ್ ಸಾಬ್ ಎಂದು ಕೇಳಿದರು. ಸರಿ ಐತ್ರಿ ಎಂದ ಜಿಬ್ರಾನ್.

ಹೊರಡುವಾಗ ಇಸ್ಮತ್ ಚಾಚಿ ಎರಡು ಡಬ್ಬಿ ಕೊಟ್ಟರು. ಲೋಹಿತನ ಡಬ್ಬಿಯ ಮೇಲೆ ‘ಬೀನ್ಸ್ ಮಾತ್ರ’ ಎಂದು ಚೀಟಿ ಅಂಟಿಸಿತ್ತು. ಇಜಾಜ್ ಭಾಯಿ ಸ್ಲೈಗೋದ ದಾರಿ ಹಿಡಿದರು. ಉಮ್ರಾ ಈ ವರ್ಷವೇ ಮಾಡುತ್ತಾರಂತೆ. ಕಿಟಕಿ ಇಳಿಸಿ, ಇನ್ನು ಮೇಲೆ ನಿನ್ನನ್ನು ಕೇಳದೆ ಎಲ್ಲೂ ಒತ್ತುವುದಿಲ್ಲಪ್ಪ ಎಂದು ಜಿಬ್ರಾನನಿಗೆ ಕೈ ಬೀಸಿದರು. ಹೊಸ ಟೈರಿನ ಮೈಕ್ರಾ ಟಾಲಾದ ಕಡೆ ತಿರುಗಿತು. ಲೋಹಿತ್ ಸಿಳ್ಳೆ ಹಾಕುತ್ತ, ರಸ್ತೆಯನ್ನು ಎಷ್ಟು ಚೆನ್ನಾಗಿ ಹಿಡಿಯುತ್ತೆ ನೋಡೋ ಎಂದು ಎರಡೆರಡು ಸಲ ಹೇಳಿದ. ಅಡುಗೆಮನೆಯ ಮಾತನ್ನು ಅವನು ಎತ್ತಲಿಲ್ಲ. ಆಮೇಲೂ ಎಂದೂ ಎತ್ತಲಿಲ್ಲ.

ಮುಂದಿನ ಶುಕ್ರವಾರ ಜಿಬ್ರಾನ್ ಚಾಚಾನ ಪಕ್ಕದಲ್ಲೇ, ಹೆಗಲಿಗೆ ಹೆಗಲು ತಾಗಿಸಿ, ನಮಾಜಿಗೆ ನಿಂತ. ಅದರ ಮುಂದಿನ ಶುಕ್ರವಾರವೂ ನಿಂತ. ದುಡ್ಡು ಕಳಿಸುವ ಮೊದಲು ಲೋಹಿತ್ ತನ್ನನ್ನು ಕೇಳಿದ್ದ, ತಾನು ಸುಮ್ಮನೆ ಕಾಫಿ ಕುಡಿದೆ ಎಂಬುದನ್ನು ಅವನು ಇನಾಯತುಲ್ಲಾ ಚಾಚಾಗೆ ಯಾವತ್ತೂ ಹೇಳಲಿಲ್ಲ.